ಎರಡೂ ಆಗೋದಾದರೆ 90 ಯಾವುದರ ಲೆಕ್ಕ?

ಯಾದಗಿರಿಯ ಲೇಖಕರಿಗೆ ಕಲಬುರಗಿಯಿಂದ ನಮಸ್ಕಾರ.

ಕ್ವಾಂಟಮ್ ಅಳತೆಯ ಪ್ರತಿ ಫಲಿತಾಂಶಕ್ಕೂ ಲೋಕ ಕವಲೊಡೆಯುತ್ತದೆ ಅನ್ನೋ ಹ್ಯೂ ಎವರೆಟ್ ಅವರ ‘ಬಹುಲೋಕ’ ವಾದದ ಮೇಲೆ ನೀವು ಬರೆದ ‘ಕೋಟಿ ಲೋಕಗಳು’ ಲೇಖನ ಓದಿದೆ. ಪತ್ರಿಕೆಯಲ್ಲಿ ಇದ್ದಂಗೇ ಹಾಕೋಕಾಗಲ್ಲ. ತಿದ್ದಿ ಕಳಿಸ್ರಿ, ಹಾಕ್ತೀವಿ. ಯಾಕಂದರೆ ಎರಡನೇ ಪುಟದ ಒಂದು ಸಾಲು ಭಾಳ ಚಲೋ ಅದ: ‘ಎಲೆಕ್ಟ್ರಾನಿನ ಸ್ಪಿನ್ ಅಳೆದಾಗ ಎರಡೂ ಫಲಿತಾಂಶ ಬರುತ್ತವೆ, ಅಳೆದವನೂ ಇಬ್ಬರಾಗುತ್ತಾನೆ.’

(ಸ್ಪಿನ್ ಅಂದರೆ ಎಲೆಕ್ಟ್ರಾನಿನ ಒಂದು ಗುಣ; ಅಳೆದವನಿಗೆ ಮೇಲ್ಮುಖ ಇಲ್ಲವೇ ಕೆಳಮುಖ, ಎರಡರಲ್ಲೊಂದು ಕಾಣುತ್ತದೆ.) ಆದರೆ ಮರುಸಾಲಿನಲ್ಲೇ ‘ಮೇಲ್ಮುಖ ಬರುವ ಸಂಭವನೀಯತೆ ಶೇ. 90’ ಅಂತ ಬರೆದು ಮುಂದೆ ನಡೆದುಬಿಟ್ಟಿದ್ದೀರಿ. ಎರಡೂ ಖಂಡಿತ ಆಗೋದಾದರೆ ಆ 90 ಯಾವುದರ ಲೆಕ್ಕ? ಲೇಖನ ಶುರುವಾಗಬೇಕಾದದ್ದೇ ಇಲ್ಲಿ. ನೀವು ತೊಗರಿ ಹೊಲಕ್ಕೆ ಹೋದಿರಿ: ಒಂದು ಲೋಕದಲ್ಲಿ ಒಳ್ಳೇ ರಾಶಿ, ಇನ್ನೊಂದರಲ್ಲಿ ನೆಟೆ ರೋಗ. ಆ ಪುಟ ಪೂರಾ ತೆಗೀರಿ. ‘ಬೇರೆ ಲೋಕದಲ್ಲಿ ಅಪ್ಪನ ಸಾಲ ತೀರಿದೆ’ ಅನ್ನೋ ಸಮಾಧಾನ ಎವರೆಟ್ ಗಣಿತದಿಂದ ಹುಟ್ಟೋದಿಲ್ಲ. ಬ್ಯಾಂಕಿನವರಂತೂ ಒಪ್ಪೋದಿಲ್ಲ.

ಹಿಂಗೆ ಒಡೆದ ಲೋಕಗಳನ್ನು, ಅಂದರೆ ಕವಲುಗಳನ್ನು, ಎಣಿಸಿದರೆ ಸಂಭವನೀಯತೆ ಸಿಗುತ್ತದೆ ಅಂದಿದ್ದೀರಿ. ಎಣಿಸಿ ನೋಡ್ರಿ. ಅದೇ ಅಳತೆ 100 ಸಲ ಮಾಡಿ, ಪ್ರತಿ ಸಲ ಎರಡೇ ಕವಲು ಅಂತ ಹಿಡಿದರೂ 2ರ 100ನೇ ಘಾತದಷ್ಟು ಕವಲು. ಅವುಗಳಲ್ಲಿ ಬಹುಪಾಲು ಕವಲುಗಳ ನೋಟ್‌ಬುಕ್ಕಿನಲ್ಲಿ ಮೇಲ್ಮುಖ ಇರೋದು ಸುಮಾರು 50. ಪ್ರಯೋಗಾಲಯದಲ್ಲಿ ಕಾಣೋದು 90ರ ಆಸುಪಾಸು. ಎಣಿಕೆಯಿಂದ ಕೆಲಸ ಆಗಲಿಲ್ಲ. ಪ್ರತಿ ಕವಲಿಗೂ ತೂಕ ಬೇಕು, ಅದು ಆಂಪ್ಲಿಟ್ಯೂಡಿನ (ಕ್ವಾಂಟಮ್ ಗಣಿತ ಪ್ರತಿ ಫಲಿತಾಂಶಕ್ಕೂ ಕೊಡುವ ಸಂಖ್ಯೆಯ) ವರ್ಗ. 1926ರಲ್ಲಿ ಈ ನಿಯಮ ಕೊಟ್ಟ ಮ್ಯಾಕ್ಸ್ ಬಾರ್ನ್ ‘ವರ್ಗ’ ಅನ್ನೋದನ್ನು ಸೇರಿಸಿದ್ದು ಅಡಿಟಿಪ್ಪಣಿಯಲ್ಲಿ! ಇದು ನಿಮ್ಮ ಲೇಖನದಲ್ಲಿ ಬರಲೇಬೇಕು.

ಅಳತೆ ಹೆಚ್ಚಿದಂತೆ ಬಾರ್ನ್ ನಿಯಮಕ್ಕೆ ಹೊಂದದ ಕವಲುಗಳ ಒಟ್ಟು ತೂಕ ಸೊನ್ನೆಯತ್ತ ಇಳಿಯುತ್ತದೆ ಎಂದು ಎವರೆಟ್ 1957ರಲ್ಲಿ ವಾದಿಸಿದರು. ಖರೆ. ಆದರೆ ತೂಕ ಕಡಿಮೆಯಾದ ಕವಲನ್ನು ಕೈಬಿಡಬಹುದು ಅನ್ನೋದು, ತೂಕವೇ ಸಂಭವನೀಯತೆ ಅಂತ ಮೊದಲೇ ಒಪ್ಪಿದವರಿಗೆ ಮಾತ್ರ. ಹಂಗಾಗಿ ನಿಮ್ಮ ‘ಸಾಬೀತಾಗಿದೆ’ ಹೊಡೆದುಹಾಕಿದ್ದೇನೆ.

ಜಾಗ ಉಳಿಯಿತಲ್ಲ, ಅಲ್ಲಿ ಭೌತವಿಜ್ಞಾನಿ ಲೆವ್ ವೈಡ್‌ಮನ್ ಕಟ್ಟಿದ ಪ್ರಸಂಗ ಬರೀರಿ. ಅಳತೆಗೆ ಮುಂಚೆ ಒಬ್ಬನಿಗೆ ನಿದ್ದೆ ಗುಳಿಗೆ ಕೊಡ್ತಾರೆ. ಮೇಲ್ಮುಖ ಬಂದರೆ ಅವನನ್ನು ಒಂದು ಕೋಣೆಯಲ್ಲಿ, ಕೆಳಮುಖ ಬಂದರೆ ಇನ್ನೊಂದರಲ್ಲಿ ಮಲಗಿಸ್ತಾರೆ. ಎಚ್ಚರಾದ ಇಬ್ಬರೂ ಇನ್ನೂ ಕಣ್ಣು ತೆರೆದಿಲ್ಲ. ಏನೇನಾಯಿತು ಅನ್ನೋದೆಲ್ಲ ಗೊತ್ತು, ತಾನು ಯಾವ ಕೋಣೆಯಲ್ಲಿದ್ದೀನಿ ಅನ್ನೋದೊಂದೇ ಗೊತ್ತಿಲ್ಲ. ಎಲ್ಲಾ ನಡೆದ ಮೇಲೂ ಸಂದೇಹಕ್ಕೆ ಜಾಗ ಉಳಿಯಿತು. ಕೋಣೆಗಳು ಯಾದಗಿರಿಯವೇ ಇರಲಿ, ತಕರಾರಿಲ್ಲ.

ಆದರೂ ಆ ಸಂದೇಹ 50–50 ಯಾಕಲ್ಲ, 90–10 ಯಾಕೆ? ಭೌತವಿಜ್ಞಾನಿ ಡೇವಿಡ್ ಡಾಯ್ಚ್ 1999ರಲ್ಲಿ ಬಾಜಿಯ ದಾರಿ ಹಿಡಿದರು: ವಿವೇಕಿಯಾದವನು ಬಾಜಿ ಕಟ್ಟುವಾಗ ಕವಲುಗಳಿಗೆ ಬಾರ್ನ್ ತೂಕದಷ್ಟೇ ಬೆಲೆ ಕೊಡಬೇಕಾಗುತ್ತದೆ ಅಂತ. ಮುಂದೆ ತತ್ವಶಾಸ್ತ್ರಜ್ಞ ಡೇವಿಡ್ ವ್ಯಾಲೇಸ್ ಅದನ್ನು ಬೆಳೆಸಿದರು. ವಿವೇಕ ಅಂದರೆ ಏನು ಅನ್ನೋದರಲ್ಲೇ ಉತ್ತರ ಅಡಗಿಸಿಟ್ಟಿದ್ದಾರೆ ಅಂತ ವಿರೋಧಿಗಳ ತಕರಾರು. ನನಗೂ ಅರ್ಧ ಹಂಗೇ ಅನಿಸ್ತದ. ಎರಡೂ ಕಡೆಯ ಮಾತು ಹಾಕ್ರಿ, ತೀರ್ಪು ಕೊಡಲೇಬೇಕಂತಿಲ್ಲ.

ಶ್ರೋಡಿಂಗರ್ ಬೆಕ್ಕಿನ ಕಥೆ ಬೇಡ. 800 ಪದ ಮೀರಬಾರದು. ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಬಂದರೆ ಅದೇ ಸಂಚಿಕೆಗೆ ತಗೋತೀವಿ.