ಥೀಮ್ ಪಾರ್ಕ್‌ಗೆ ಹೊರಟಾಗ ಊಟ-ತಿಂಡಿ: ಮಲೆನಾಡಿನ ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ತೀರ್ಥಹಳ್ಳಿಯಿಂದ ರಾತ್ರಿ ಬಸ್ಸಿಗೆ ಹೊರಟು ಬೆಳಗ್ಗೆ ಬೆಂಗಳೂರು, ಅಲ್ಲಿಂದ ಬಿಡದಿಯ ವಂಡರ್‌ಲಾಕ್ಕೆ ಹೋಗುವವರಿದ್ದೇವೆ. ನಾವಿಬ್ಬರು, 9 ಮತ್ತು 13 ವರ್ಷದ ಇಬ್ಬರು ಮಕ್ಕಳು. ಹೊರಗಿನ ಊಟ ಒಳಗೆ ಬಿಡುವುದಿಲ್ಲವಂತೆ. ರಾತ್ರಿಯೇ ಚಿತ್ರಾನ್ನ ಕಟ್ಟಿಕೊಂಡರೆ ಬೆಳಗಿನ ತಿಂಡಿಗಾದರೂ ಆದೀತೇ? ಒಳಗೆ ಹೋದಮೇಲೆ ಕರಿದ ತಿಂಡಿಯೇ ಗತಿಯೇ?

ಉತ್ತರ: ಚಿತ್ರಾನ್ನ ಬೇಡ. ಅಕ್ಕಿಯಲ್ಲಿ ಸಹಜವಾಗಿಯೇ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅನ್ನ ಕುದಿದರೂ ಸಾಯುವುದಿಲ್ಲ. ಬಿಸಿ ಅನ್ನವನ್ನು ಡಬ್ಬಿಗೆ ಒತ್ತಿ ಮುಚ್ಚಳ ಹಾಕಿದರೆ ಅದು ಗಂಟೆಗಟ್ಟಲೆ ಉಗುರು ಬೆಚ್ಚಗೆ ಉಳಿಯುತ್ತದೆ. ಬೀಜಾಣು ಮೊಳೆತು ವಿಷ ಬಿಡುವುದಕ್ಕೆ ಅಷ್ಟೇ ಸಾಕು. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ನಿಂಬೆಹುಳಿ ಕಾಪಾಡುತ್ತದೆ ಎಂದು ನಂಬಬೇಡಿ, ಹುಳಿ ಎಲ್ಲ ಅಗುಳಿಗೂ ಒಂದೇ ಸಮ ಹಿಡಿಯುವುದಿಲ್ಲ. ಮೇಲೆ ಹಸಿ ತೆಂಗಿನತುರಿ ಉದುರಿಸಿದ್ದರೆ ಅದು ಇನ್ನೂ ಬೇಗ ಹಳಸುತ್ತದೆ. ರಾತ್ರಿ 8ಕ್ಕೆ ಕಟ್ಟಿದ್ದನ್ನು ಬೆಳಗ್ಗೆ 9ಕ್ಕೆ ತಿಂದು, ಮಧ್ಯಾಹ್ನ ನೀರಾಟದ ನಡುವೆ ಮಕ್ಕಳು ವಾಂತಿ ಮಾಡಿಕೊಂಡರೆ ರೈಡ್‌ನಿಂದಲೋ ಅನ್ನದಿಂದಲೋ ಎಂಬುದೂ ತಿಳಿಯುವುದಿಲ್ಲ.

ಮನೆಯಿಂದ ಒಣ ತಿಂಡಿ ಮಾತ್ರ ತನ್ನಿ, ಹಸಿ ತಿಂಡಿಯನ್ನು ಹೋಟೆಲಿನಲ್ಲಿ ಬಿಸಿಬಿಸಿಯಾಗಿ ತಿನ್ನಿ. ನಿಮ್ಮ ಕುಟುಂಬಕ್ಕೆ ಒಗ್ಗರಣೆ ಅವಲಕ್ಕಿಯ ಅಳತೆ ಇದು: ತೆಳು ಅವಲಕ್ಕಿ ಅರ್ಧ ಕಿಲೊ, ಶೇಂಗಾ 100 ಗ್ರಾಂ, ಹುರಿಗಡಲೆ 100 ಗ್ರಾಂ, ಒಣ ಕೊಬ್ಬರಿ ಚೂರು 50 ಗ್ರಾಂ, ಎಣ್ಣೆ 3 ದೊಡ್ಡ ಚಮಚ, ಕರಿಬೇವು, ಅರಿಶಿನ, ಉಪ್ಪು. ನಮ್ಮ ಕಡೆ ಮಳೆಗಾಲದಲ್ಲಿ ಇದು ಕೆಡುವುದು ಒಂದೇ ಕಾರಣಕ್ಕೆ, ಅವಲಕ್ಕಿಯನ್ನು ಮೊದಲು ಹುರಿಯದೆ ನೇರ ಒಗ್ಗರಣೆಗೆ ಸುರಿಯುವುದು. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 6-7 ನಿಮಿಷ, ಬೆರಳಲ್ಲಿ ಒತ್ತಿದರೆ ಟಪ್ಪನೆ ಮುರಿಯುವವರೆಗೆ ಹುರಿಯಿರಿ. ಆಮೇಲೆ ಒಗ್ಗರಣೆ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಿ, ಬಿಸಿ ಇರುವಾಗ ಮುಚ್ಚಿದರೆ ಹಬೆ ನೀರಾಗಿ ಮೆತ್ತಗಾಗುತ್ತದೆ. ಜೊತೆಗೆ ತಲೆಗೆರಡರಂತೆ ಪುಟ್ಟಬಾಳೆ. ಅಕ್ಕಿರೊಟ್ಟಿ ಬೆಳಗಾಗುವಷ್ಟರಲ್ಲಿ ಚರ್ಮದಂತಾಗುವುದರಿಂದ ಅದನ್ನು ಬಿಟ್ಟುಬಿಡಿ.

ಒಳಗಿನ ಊಟಕ್ಕಿಂತ ದೊಡ್ಡ ತೊಂದರೆ ಬೆಳಗಿನ ಹೊತ್ತಿನದು. ರಾತ್ರಿ ಬಸ್ಸು ಬೆಂಗಳೂರು ಮುಟ್ಟುವುದು 5-6 ಗಂಟೆಗೆ, ಪಾರ್ಕಿನ ಗೇಟು ತೆಗೆಯುವುದು ಸಾಮಾನ್ಯವಾಗಿ 11ಕ್ಕೆ. ಇಳಿದ ತಕ್ಷಣ ತಿಂಡಿ ಮುಗಿಸಿದವರಿಗೆ ಗೇಟಿನಲ್ಲೇ ಹಸಿವು. ಕ್ಯೂನಲ್ಲಿ ನಿಂತಾಗ ಚಿಪ್ಸ್, ಬಾಯಾರಿಕೆಗೆ ಕೂಲ್ ಡ್ರಿಂಕ್ಸ್, ಊಟದ ಹೊತ್ತು ಜಾರಿ 3 ಗಂಟೆಗೆ ಗೋಬಿ ಮಂಚೂರಿ. ಇಡೀ ದಿನ ಕೆಡುವುದು ಈ ದಾರಿಯಲ್ಲೇ. ಆದ್ದರಿಂದ ಬಸ್ಸಿಳಿದಾಗ ಒಂದು ಬಾಳೆಹಣ್ಣು, ಬೇಕಿದ್ದರೆ ಬಿಸಿ ಹಾಲು ಅಥವಾ ಕಷಾಯ, ಅಷ್ಟೇ ಸಾಕು. ನಿಜವಾದ ತಿಂಡಿಯನ್ನು 9ರಿಂದ 9.30ರ ನಡುವೆ ಇಟ್ಟುಕೊಳ್ಳಿ. ಬಿಡದಿ ಎಂದರೆ ತಟ್ಟೆ ಇಡ್ಲಿ. ಹಬೆಯಲ್ಲಿ ಬೆಂದು ಬಿಸಿಯಾಗಿ ಎಲೆಗೆ ಬರುವ ಇದಕ್ಕಿಂತ ಒಳ್ಳೆಯ ತಿಂಡಿ ಆ ದಾರಿಯಲ್ಲಿಲ್ಲ. ದೊಡ್ಡವರಿಗೆ ಎರಡು, 9 ವರ್ಷದವರಿಗೆ ಒಂದು. ಬೆಣ್ಣೆಯನ್ನು ಅರ್ಧ ಪಕ್ಕಕ್ಕೆ ಸರಿಸಿ, ಸಾಂಬಾರನ್ನು ಎರಡನೇ ಸಲ ಕೇಳಿ ಹಾಕಿಸಿಕೊಳ್ಳಿ. ಸಾಂಬಾರಿನ ಬೇಳೆ ಇದ್ದರೆ ಹಸಿವು ಮಧ್ಯಾಹ್ನ 1ರವರೆಗೆ ತಡೆಯುತ್ತದೆ. ಪೂರಿ, ವಡೆ ಬೇಡ. ಕೊಬ್ಬು ಹೊಟ್ಟೆಯಿಂದ ನಿಧಾನ ಇಳಿಯುತ್ತದೆ, ಅದರ ಮೇಲೆ ತಿರುಗುವ ರೈಡ್ ಹತ್ತಿದರೆ ಹೊಟ್ಟೆ ತೊಳಸುತ್ತದೆ.

ಒಳಗೆ ಹಸಿವು ಕಾಯದೆ ಗಡಿಯಾರ ನೋಡಿ ಊಟ ಮಾಡಿ. 12.30ಕ್ಕೆ ಹೋದರೆ ಕ್ಯೂ ಚಿಕ್ಕದು, ಆರಿಸುವುದಕ್ಕೆ ತಾಳ್ಮೆ ಇರುತ್ತದೆ. ಊಟದ ತಟ್ಟೆ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ: ಅನ್ನ, ಸಾಂಬಾರು ಅಥವಾ ದಾಲ್, ಪಲ್ಯ, ಮೊಸರು. ಅದರಲ್ಲೊಂದು ಹಪ್ಪಳವೋ ಸಿಹಿಯೋ ಇದ್ದರೆ ಇರಲಿ. ಮಾಂಸಾಹಾರಿಗಳಿಗೆ ಕರಿದ ಕೋಳಿಗಿಂತ ಸಾರಿನ ಕೋಳಿ ವಾಸಿ. ಫ್ರೈಡ್ ರೈಸ್, ನೂಡಲ್ಸ್‌ನಲ್ಲಿ ಉಪ್ಪು ಹೆಚ್ಚು, ಬಿಸಿಲಿನಲ್ಲಿ ಅದು ದಾಹವನ್ನೇ ಬೆಳೆಸುತ್ತದೆ. ಊಟವಾದ ಒಂದು ಗಂಟೆ ನಿಧಾನದ ಆಟಗಳಿಗೆ. 4 ಗಂಟೆಗೆ ಮಕ್ಕಳಿಗೆ ಒಂದೊಂದು ಐಸ್‌ಕ್ರೀಮ್ ಖಂಡಿತ ಕೊಡಿಸಿ. ರಜೆಗೆ ಹೋಗಿ ಅದನ್ನೂ ನಿಷೇಧಿಸಿದರೆ ಮಕ್ಕಳ ಮನಸ್ಸಿನಲ್ಲಿ ಒಳ್ಳೆಯ ಊಟವೆಂಬುದೇ ಶಿಕ್ಷೆಯಾಗುತ್ತದೆ, ಅದು ಒಂದು ಕಪ್ ಐಸ್‌ಕ್ರೀಮಿನ ಸಕ್ಕರೆಗಿಂತ ದೊಡ್ಡ ನಷ್ಟ. ಕೊಳದಿಂದ ಎದ್ದು ಬಂದವರು ಸೋಪಿನಲ್ಲಿ ಕೈ ತೊಳೆಯದೆ ತಿನ್ನಬಾರದು.

ಪ್ರಶ್ನೆ: ನನ್ನ 6 ವರ್ಷದ ಮಗಳಿಗೆ ಆಗುಂಬೆ ಘಾಟಿಯ ತಿರುವುಗಳಲ್ಲೇ ವಾಂತಿಯಾಗುತ್ತದೆ. ರೈಡ್‌ಗಳ ದಿನ ಖಾಲಿ ಹೊಟ್ಟೆಯಲ್ಲಿ ಇಡುವುದು ಒಳ್ಳೆಯದೇ? (ಕೊಪ್ಪ)

ಉತ್ತರ: ಖಾಲಿ ಹೊಟ್ಟೆ ಇನ್ನೂ ಕೆಟ್ಟದ್ದು. ಕಿವಿಯೊಳಗಿನ ಸಮತೋಲನದ ಅಂಗ ಹೇಳುವುದೂ ಕಣ್ಣು ಕಾಣುವುದೂ ಹೊಂದದಿದ್ದಾಗ ಓಕರಿಕೆ ಬರುತ್ತದೆ, ಹಸಿದ ಹೊಟ್ಟೆಯ ಆಮ್ಲ ಅದನ್ನು ಹೆಚ್ಚಿಸುತ್ತದೆ. ಘಾಟಿಯಲ್ಲಿ ಆಗುವ ಮಗುವಿಗೆ ಉಯ್ಯಾಲೆಯಂತೆ ತೂಗುವ, ಗರಗರ ತಿರುಗುವ ರೈಡ್‌ಗಳಲ್ಲೂ ಆಗುತ್ತದೆ ಎಂದೇ ಲೆಕ್ಕ ಇಟ್ಟುಕೊಳ್ಳಿ. ತಿಂಡಿ ಮುಗಿದು ಎರಡು ಗಂಟೆ ಕಳೆದಿರಲಿ. ಹತ್ತುವ ಅರ್ಧ ಗಂಟೆ ಮೊದಲು ಅರ್ಧ ಬಾಳೆಹಣ್ಣು ಅಥವಾ ಎರಡು ಉಪ್ಪು ಬಿಸ್ಕತ್ತು. ಮಿಲ್ಕ್‌ಶೇಕ್, ಚೀಸ್, ಚಾಕೊಲೇಟ್ ಆಗ ಬೇಡ.

ವಾಂತಿಯಾದರೆ ಗಟಗಟ ನೀರು ಕುಡಿಸಬೇಡಿ, ಅದೂ ಹೊರಬರುತ್ತದೆ. 10 ನಿಮಿಷ ನೆರಳಲ್ಲಿ ಕೂರಿಸಿ, ಒಆರ್‌ಎಸ್ ದ್ರಾವಣವನ್ನು ಎರಡು ನಿಮಿಷಕ್ಕೊಂದು ಟೀ ಚಮಚದಂತೆ ಕೊಡಿ. ಒಂದು ಲೀಟರಿನ ಪ್ಯಾಕೆಟ್ ಆದರೆ ಪೂರ್ತಿ ಒಂದು ಲೀಟರಿಗೇ ಕಲಸಬೇಕು, ಕಣ್ಣಂದಾಜಿನಲ್ಲಿ ಚಿಟಿಕೆ ಹಾಕಿದರೆ ಉಪ್ಪು ಹೆಚ್ಚಾಗುವ ಅಪಾಯವಿದೆ. 200 ಮಿಲಿಲೀಟರ್‌ನ ಚಿಕ್ಕ ಪ್ಯಾಕೆಟ್ ಪ್ರಯಾಣಕ್ಕೆ ಅನುಕೂಲ. ಔಷಧಿ ಅಂಗಡಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯನ್ನೇ ಕೇಳಿ. ಒಆರ್‌ಎಸ್ ಎಂಬ ಹೆಸರು ಹೊತ್ತು ಸಿಹಿ ಪಾನೀಯಗಳೂ ಮಾರಾಟವಾಗುತ್ತಿದ್ದವು, ಸೂತ್ರಕ್ಕೆ ಹೊಂದದವು ಆ ಹೆಸರು ಬಳಸುವಂತಿಲ್ಲ ಎಂದು 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಆದೇಶಿಸಿತು.

ಪ್ರಶ್ನೆ: ನಮ್ಮ ತಂದೆಗೆ 61, ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಮಾತ್ರೆ. ಮೊಮ್ಮಕ್ಕಳ ಜೊತೆ ಬರುತ್ತೇನೆ ಎನ್ನುತ್ತಾರೆ. ಊಟದಲ್ಲಿ ಏನು ಪಥ್ಯ? (ಹೊಸನಗರ)

ಉತ್ತರ: ನೀವು ಸಕ್ಕರೆ ಏರುವುದನ್ನು ಯೋಚಿಸುತ್ತಿದ್ದೀರಿ. ಆ ದಿನ ಹೆಚ್ಚು ಅಪಾಯ ಇಳಿಯುವುದರಿಂದ. ಮೆಟ್‌ಫಾರ್ಮಿನ್ ಒಂದರಿಂದ ಹಾಗಾಗುವುದು ಅಪರೂಪ, ಆದರೆ ಗ್ಲಿಮೆಪಿರೈಡ್ ಊಟ ತಪ್ಪಿದರೂ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ದಿನವಿಡೀ ನಡಿಗೆ ಅದಕ್ಕೆ ಸೇರುತ್ತದೆ. ಮನೆಯ ಅಭ್ಯಾಸದಂತೆ 7ಕ್ಕೆ ಮಾತ್ರೆ ನುಂಗಿ 9.30ಕ್ಕೆ ತಿಂಡಿ ತಿನ್ನುವುದು ಪ್ರಯಾಣದ ದಿನ ಆಗುವ ಸಾಮಾನ್ಯ ತಪ್ಪು. ಮಾತ್ರೆ ತಿಂಡಿಯ ಜೊತೆಗೇ ಹೋಗಬೇಕು. ಪ್ರಮಾಣ ಬದಲಿಸಬೇಕೇ, ರೈಡ್‌ಗಳಲ್ಲಿ ಕೂರಬಹುದೇ ಎಂದು ಹೊರಡುವ ಮುನ್ನ ವೈದ್ಯರನ್ನು ಕೇಳಿ, ನೀವಾಗಿಯೇ ಮಾತ್ರೆ ಬಿಡಿಸಬೇಡಿ.

ಗ್ಲೂಕೋಸ್ ಪುಡಿಯನ್ನು 15 ಗ್ರಾಂನಂತೆ, ಅಂದರೆ 3 ಟೀ ಚಮಚ, ಮೂರು ಪೊಟ್ಟಣ ಕಟ್ಟಿ. ಒಂದು ಅವರ ಜೇಬಿನಲ್ಲೇ ಇರಲಿ, ಎಲ್ಲವನ್ನೂ ಲಾಕರಿನಲ್ಲಿಟ್ಟರೆ ಉಪಯೋಗವಿಲ್ಲ. ಬೆವರು, ಕೈ ನಡುಕ, ವಿನಾಕಾರಣ ಸಿಡುಕು ಕಂಡರೆ ಬಿಸಿಲಿಗೆ ಎಂದು ಸುಮ್ಮನಾಗದೆ ಸಕ್ಕರೆ ನೋಡಿ. 70ಕ್ಕಿಂತ ಕಡಿಮೆಯಿದ್ದರೆ, ಅಥವಾ ನೋಡಲು ಯಂತ್ರವಿಲ್ಲದಿದ್ದರೆ, ಒಂದು ಪೊಟ್ಟಣ ನೀರಿನಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಂದು. ಸುಧಾರಿಸಿದ ಮೇಲೆ ಬಾಳೆಹಣ್ಣೋ ಬಿಸ್ಕತ್ತೋ ತಿನ್ನಲಿ. ಸಕ್ಕರೆ ಇಳಿದಾಗ ಗ್ಲೂಕೋಸ್ ಬದಲು ಐಸ್‌ಕ್ರೀಮ್, ಚಾಕೊಲೇಟ್ ಕೊಡುವವರಿದ್ದಾರೆ, ಅದು ಬೇಡ, ಅವುಗಳ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ತಡಮಾಡುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಪಾರ್ಕಿನ ಪ್ರಥಮ ಚಿಕಿತ್ಸೆಯವರನ್ನು ಕರೆಯಿರಿ.

ಪ್ರಶ್ನೆ: ಶಿವಮೊಗ್ಗದ ನಮ್ಮ ಶಾಲೆಯಿಂದ 40 ಮಕ್ಕಳ ಪ್ರವಾಸ, ಬೆಳಗಿನ ಜಾವ 4ಕ್ಕೆ ಬಸ್ಸು. ದಾರಿಯ ತಿಂಡಿಗೆ ಪುಳಿಯೋಗರೆ ಮಾಡಿಸಬಹುದೇ?

ಉತ್ತರ: ಮಾಡಿಸಬಹುದು, ಬೆಳಗ್ಗೆ 7ರೊಳಗೆ ತಿಂದು ಮುಗಿಸುವುದಾದರೆ. ತಲೆಗೆ 75 ಗ್ರಾಂನಂತೆ 3 ಕಿಲೊ ಅಕ್ಕಿ, ಹುಣಸೆ 400 ಗ್ರಾಂ, ಶೇಂಗಾ 300 ಗ್ರಾಂ. ಗೊಜ್ಜನ್ನು ಹಿಂದಿನ ದಿನವೇ ಎಣ್ಣೆ ಬಿಡುವವರೆಗೆ ಕುದಿಸಿಟ್ಟುಕೊಳ್ಳಿ, ಅನ್ನ ಮಾತ್ರ ಬೆಳಗಿನ ಜಾವ 2.30ಕ್ಕೆ ಆಗಲಿ. ಅಗಲ ತಟ್ಟೆಯಲ್ಲೋ ತೊಳೆದ ಬಾಳೆಲೆಯ ಮೇಲೋ ಒಂದು ಇಂಚಿಗಿಂತ ದಪ್ಪವಾಗದಂತೆ ಹರಡಿ ಆರಿಸಿ, ಗೊಜ್ಜು ಬೆರೆಸಿ. ಉಳಿದದ್ದನ್ನು ಮಧ್ಯಾಹ್ನಕ್ಕೆ ಬಡಿಸುವ ಆಸೆ ಬೇಡವೇ ಬೇಡ. ನಲವತ್ತು ಮಕ್ಕಳ ಜವಾಬ್ದಾರಿ ಹೊತ್ತವರು ಒಂದು ಪಾತ್ರೆ ಅನ್ನ ಚೆಲ್ಲುವುದಕ್ಕೆ ಹಿಂಜರಿಯಬಾರದು. ಪ್ರತಿ ಮಗುವಿಗೂ ಅರ್ಧ ಲೀಟರಿನ ಬಾಟಲಿ ಇರಲಿ, ಬಿಸಿಲಿನಲ್ಲಿ ಅರ್ಧ ಗಂಟೆಗೊಮ್ಮೆ ನಾಲ್ಕಾರು ಗುಟುಕು ಎಂದು ಶಿಕ್ಷಕರೇ ಸೀಟಿ ಊದಿ ಕುಡಿಸಿ. ನೀರಲ್ಲಿ ಆಡುವ ಮಕ್ಕಳಿಗೆ ಬೆವರುವುದೂ ಬಾಯಾರುವುದೂ ಗೊತ್ತಾಗುವುದಿಲ್ಲ.

ಪ್ರಶ್ನೆ: ಕೂಲ್ ಡ್ರಿಂಕ್ಸ್ ಬದಲು ಎಳನೀರು, ಮುರುಗಲು (ಕೋಕಂ) ಸಿರಪ್ ಒಯ್ದರೆ ಹೇಗೆ? (ಸಾಗರ)

ಉತ್ತರ: 250 ಮಿಲಿಲೀಟರ್ ಕೋಲಾದಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇರುತ್ತದೆ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಳನೀರು ಉತ್ತಮ, ಅರಸೀಕೆರೆ-ತಿಪಟೂರು ದಾರಿಯಲ್ಲಿ ನಿಲ್ಲಿಸಿ ಅಲ್ಲೇ ಕೆತ್ತಿಸಿ ಕುಡಿಯಿರಿ, ಬಾಟಲಿಗೆ ತುಂಬಿಸಿಕೊಂಡು ಇಡೀ ದಿನ ಓಡಾಡಬೇಡಿ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಕುಡಿಯಬಾರದು.

ಮುರುಗಲು ಸಿರಪ್ಪಿನಲ್ಲಿ ಹಣ್ಣಿಗಿಂತ ಸಕ್ಕರೆಯೇ ಹೆಚ್ಚು. ಬದಲಿಗೆ 6-7 ಒಣ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ಎರಡು ಗಂಟೆ ನೆನೆಸಿ ಕಿವುಚಿ ಸೋಸಿ, ಎರಡು ಟೀ ಚಮಚ ಬೆಲ್ಲ, ಕಾಲು ಚಮಚ ಉಪ್ಪು, ಚಿಟಿಕೆ ಜೀರಿಗೆ ಪುಡಿ ಹಾಕಿ. ಗೇಟಿನಲ್ಲಿ ತಡೆಯಬಹುದು, ಪ್ರಯಾಣದಲ್ಲೇ ಕುಡಿದು ಮುಗಿಸಿ. ಸ್ಟೀಲ್ ಬಾಟಲಿಯಲ್ಲಿ ಒಯ್ಯಿರಿ. ಈಗ ಎಲ್ಲರ ಕೈಯಲ್ಲಿರುವ ತಾಮ್ರದ ಬಾಟಲಿಗೆ ಹುಳಿ ತುಂಬಬಾರದು, ತಾಮ್ರ ಕರಗಿ ಹೊಟ್ಟೆನೋವು, ವಾಂತಿ ಬರುತ್ತದೆ. ಮಜ್ಜಿಗೆಗೂ ನಿಂಬೆಹಣ್ಣಿನ ಪಾನಕಕ್ಕೂ ಇದೇ ನಿಯಮ.