ಸಂಪಾದಕರ ಉತ್ತರ: ಬೀಗ ರಿಪೇರಿಗೆ ಬಂದೋನು ಸಾಸಿವೆ ಡಬ್ಬಿ ಯಾಕೆ ಮುಟ್ಟಿದ?

ಸಾಗರದ ಹತ್ರದ ಒಂದು ಹಳ್ಳಿಯಿಂದ ರಿಟೈರ್ಡ್ ಪೋಸ್ಟ್ ಮಾಸ್ತರೊಬ್ರು ಇನ್‌ಲ್ಯಾಂಡ್ ಲೆಟರ್‌ನಲ್ಲಿ, ಮಡಿಕೆ ಅಂಚೂ ಬಿಡದೆ ಬರೆದಿದಾರೆ. ಪೂರ್ತಿ ಹಾಕೋಕೆ ಜಾಗ ಇಲ್ಲ, ಸಾರ ಇಷ್ಟು: "2025ರ ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಫೋನ್ ರಿಂಗಾಯ್ತು. ರಾತ್ರಿ ಮಲಗೋವರೆಗೂ ಮೇಲಕ್ಕೆ ಎಳೆದ್ರೆ ಕಾಲ್ ಎತ್ತಬಹುದಿತ್ತು, ಬೆಳಗಾಗೋದ್ರಲ್ಲಿ ಅಡ್ಡಕ್ಕೆ ಎಳೀಬೇಕಾಗಿತ್ತು. ಗೊತ್ತಾಗ್ದೆ ಮಗಳ ಕಾಲ್ ಎರಡು ಸಲ ತಪ್ಪಿಹೋಯ್ತು. ಯಾರೋ ಹ್ಯಾಕ್ ಮಾಡಿದಾರೆ ಅಂತ ಹೆದರಿ ಪೇಟೆಗೆ ಹೋಗಿ ಮೊಬೈಲ್ ಅಂಗಡಿ ಹುಡುಗನಿಗೆ 200 ರೂಪಾಯಿ ಕೊಟ್ಟೆ. ಮೂವತ್ತಾರು ವರ್ಷ ಬೇರೆಯವರ ಕಾಗದ ಒಡೆಯದೆ ತಲುಪಿಸಿದವನು ನಾನು. ನನ್ನ ಫೋನಿನೊಳಗೆ ನನ್ನನ್ನ ಕೇಳದೆ ಕೈ ಹಾಕೋರು ಯಾರು? ಅಪ್‌ಡೇಟ್ ಅನ್ನೋದನ್ನೇ ಪೂರ್ತಿ ಬಂದ್ ಮಾಡಿ ಅಂತ ನೆಂಟರ ಹುಡುಗ ಹೇಳ್ತಾನೆ. ಮಾಡ್ಲಾ?"

ಮಾಸ್ತರೇ, ಮೊದಲು ಕ್ಷಮೆ ಕೇಳ್ತೀನಿ, ನಿಮ್ಮ ಕಾಗದ ನನ್ನ ಟೇಬಲ್ ಮೇಲೆ ಬಾಳ ದಿನ ಕೂತಿತ್ತು, ನಿಮ್ಮ ಇಲಾಖೆಯಲ್ಲಾಗಿದ್ರೆ ನನಗೆ ಮೆಮೋ ಬರ್ತಿತ್ತು.

ಎರಡನೇದು, ಅದು ಹ್ಯಾಕ್ ಅಲ್ಲ. ಅಂಗಡಿ ಹುಡುಗನಿಗೂ ಇದು ಗೊತ್ತಿತ್ತು ಅಂತ ನನ್ನ ಅನುಮಾನ. ಗೂಗಲ್‌ನವರ ಫೋನ್ ಆ್ಯಪ್ ಇದೆಯಲ್ಲ, ಬಾಳ ಕಂಪನಿಗಳ ಆಂಡ್ರಾಯ್ಡ್ ಫೋನಲ್ಲಿ ಕಾಲ್ ಮಾಡೋಕೆ ಬರೋದೇ ಅದು, ಅದಕ್ಕೆ ಆ ತಿಂಗಳು ಹೊಸ ಡಿಸೈನ್ ಬಂತು. ಫೇವರಿಟ್ಸೂ ರೀಸೆಂಟ್ಸೂ ಸೇರಿ ಹೋಮ್ ಅಂತ ಒಂದೇ ಆಯ್ತು, ಕಾಂಟ್ಯಾಕ್ಟ್ಸ್ ಹೋಗಿ ಮೂಲೆಯ ಮೆನು ಒಳಗೆ ಕೂತ್ಕೊಳ್ತು, ಕಾಲ್ ಎತ್ತೋ ರೀತಿನೂ ಬದಲಾಯ್ತು. ದೇಶದ ತುಂಬಾ ಜನ ನಿಮ್ಮ ಹಾಗೇ ಗಾಬರಿ ಬಿದ್ರು. "ನಾನು ಏನೂ ಒತ್ತಿಲ್ಲ, ಅಪ್‌ಡೇಟೂ ಮಾಡಿಲ್ಲ" ಅಂತ ಎಲ್ಲರದ್ದೂ ಒಂದೇ ಮಾತು, ಅವರು ಹೇಳಿದ್ದು ಸುಳ್ಳೂ ಅಲ್ಲ. ಯಾಕಂದ್ರೆ ಹೊಸ ಡಿಸೈನಿನ ಸಾಮಾನೆಲ್ಲ ಮೊದಲೇ ಆ್ಯಪ್ ಒಳಗೆ ಬಂದು ಸುಮ್ನೆ ಕೂತಿರುತ್ತೆ, ಸ್ವಿಚ್ ಮಾತ್ರ ಕಂಪನಿ ಸರ್ವರ್‌ನಲ್ಲಿ ಇರುತ್ತೆ, ಅವರು ಅಲ್ಲಿ ಆನ್ ಮಾಡಿದ್ರೆ ಇಲ್ಲಿ ನಿಮ್ಮ ಜೇಬಲ್ಲಿ ಬದಲಾಗುತ್ತೆ. ಅಪ್‌ಡೇಟ್ ಬಂದ್ ಮಾಡಿದ್ರೂ ಈ ಸ್ವಿಚ್ಚಿಗೆ ಅದರ ಗೊಡವೆ ಇಲ್ಲ.

ನಮ್ಮನೇಲೂ ಇದೇ ಕಥೆ. ಅಮ್ಮ ಒಲೆ ಮುಂದೆ ನಿಂತು ಅಕ್ಕಿರೊಟ್ಟಿ ತಟ್ತಾ ಇದ್ರು, ಎರಡೂ ಕೈ ಹಿಟ್ಟು, ಕಟ್ಟೆ ಮೇಲೆ ಫೋನ್ ಹೊಡ್ಕೊಳ್ತಾ ಇದೆ. ಅಮ್ಮನ ಪದ್ಧತಿ ಏನು ಅಂದ್ರೆ ಕಿರುಬೆರಳಿನ ಗೆಣ್ಣಲ್ಲಿ ಮೇಲಕ್ಕೆ ತಳ್ಳಿ ಸ್ಪೀಕರ್ ಹಾಕೋದು. ತಳ್ತಾರೆ, ತಳ್ತಾರೆ, ಏನೂ ಆಗ್ತಿಲ್ಲ, ಸ್ಕ್ರೀನೆಲ್ಲ ಹಿಟ್ಟು, ರೊಟ್ಟಿ ಸೀದು ಹೊಗೆ ಬೇರೆ, ಅಷ್ಟ್ರಲ್ಲಿ ಕಾಲ್ ಕಟ್ಟಾಯ್ತು. ನಾನು ಹೋಗಿ ನೋಡಿ "ಅಮ್ಮ, ಇದು ಅಪ್‌ಡೇಟ್ ಆಗಿದೆ" ಅಂದೆ. ಅದಕ್ಕೆ ಅವರು "ಯಾರಿಗೋ ಬೀಗ ರಿಪೇರಿ ಮಾಡು ಅಂತ ಕೀ ಕೊಟ್ರೆ ಒಳಗೆ ಬಂದು ಸಾಸಿವೆ ಡಬ್ಬಿ ಜಾಗ ಬದಲಾಯಿಸಿ ಹೋಗ್ತಾನೇನೋ?" ಅಂದ್ರು. ಈ ವಿಷಯದಲ್ಲಿ ನಾನು ಓದಿದ್ದೆಲ್ಲ ಒಂದು ತೂಕ, ಆ ಮಾತು ಒಂದು ತೂಕ.

ಅಪ್‌ಡೇಟ್ ಅನ್ನೋ ಒಂದೇ ಹೆಸರಲ್ಲಿ ಎರಡು ಬೇರೆ ಬೇರೆ ಕೆಲಸ ನಡೀತಿದೆ, ಒಂದು ಬೀಗದ ರಿಪೇರಿ, ಇನ್ನೊಂದು ಡಬ್ಬಿ ಜಾಗ ಬದಲಾಯಿಸೋದು. ನೆಂಟರ ಹುಡುಗ ಎರಡನ್ನೂ ಬಂದ್ ಮಾಡಿ ಅಂತಿದಾನೆ. ದಯವಿಟ್ಟು ಅವನ ಮಾತು ಕೇಳ್ಬೇಡಿ.

ಬೀಗದ ವಿಷಯ ಯಾಕೆ ಅಷ್ಟು ಗಟ್ಟಿಯಾಗಿ ಹೇಳ್ತಿದೀನಿ ಅಂದ್ರೆ, 2015ರ ಜುಲೈನಲ್ಲಿ ಸ್ಟೇಜ್‌ಫ್ರೈಟ್ ಅಂತ ಆಂಡ್ರಾಯ್ಡ್‌ನಲ್ಲಿ ಒಂದು ತೂತು ಬೆಳಕಿಗೆ ಬಂತು, ನಿಮ್ಮ ನಂಬರ್ ಗೊತ್ತಿದ್ರೆ ಸಾಕು, ಒಂದು ಎಂಎಂಎಸ್ ಕಳಿಸಿ ಫೋನ್ ಒಳಗೆ ನುಗ್ಗಬಹುದಿತ್ತು, ನೀವು ಮೆಸೇಜ್ ತೆಗೆದು ನೋಡೋದೂ ಬೇಕಾಗಿರಲಿಲ್ಲ. ಗೂಗಲ್ ತಿಂಗಳಿಗೊಂದು ಸೆಕ್ಯೂರಿಟಿ ಪ್ಯಾಚ್, ಅಂದ್ರೆ ಇಂಥ ತೂತಿಗೆ ಹಾಕೋ ತೇಪೆ, ಬಿಡೋ ಪದ್ಧತಿ ಶುರು ಮಾಡಿದ್ದೇ ಅದರ ಮರು ತಿಂಗಳು. ಐಫೋನ್ ಏನು ಕಮ್ಮಿ ಇಲ್ಲ, 2021ರಲ್ಲಿ ಪೆಗಾಸಸ್ ಅನ್ನೋ ಗೂಢಚಾರಿ ಸಾಫ್ಟ್‌ವೇರ್‌ನವರು ಐಮೆಸೇಜ್ ಮೂಲಕ ಹೀಗೇ ಏನೂ ಕ್ಲಿಕ್ ಮಾಡಿಸದೆ ಒಳಗೆ ಬರ್ತಿದ್ದಿದ್ದನ್ನ ಟೊರಾಂಟೋ ಯೂನಿವರ್ಸಿಟಿಯ ಸಿಟಿಜನ್ ಲ್ಯಾಬ್ ಹಿಡಿದು ಹಾಕ್ತು, ಸೆಪ್ಟೆಂಬರ್ 13ಕ್ಕೆ ಐಫೋನಿನ ಸಾಫ್ಟ್‌ವೇರ್ ಐಓಎಸ್‌ನ 14.8 ವರ್ಷನ್ ಬಂದು ಆ ದಾರಿ ಮುಚ್ತು. ಅವತ್ತು ಅಪ್‌ಡೇಟ್ ಮಾಡದೇ ಇದ್ದೋರ ಫೋನಿನ ಆ ಬಾಗಿಲು ಹಾಗೇ ತೆಗೆದಿತ್ತು, ಅಷ್ಟೇ ಅಲ್ಲ, ರಿಪೇರಿ ಬಂತು ಅಂದ್ರೆ ತೂತು ಎಲ್ಲಿತ್ತು ಅಂತ ಊರಿಗೆಲ್ಲ ಗೊತ್ತಾದ ಹಾಗೆ, ಆಮೇಲೆ ಹಳೇ ವರ್ಷನ್ ಇಟ್ಕೊಂಡಿರೋರಿಗೆ ಅಪಾಯ ಜಾಸ್ತಿನೇ ಆಗುತ್ತೆ. ಫೋನಲ್ಲಿ ಪೆನ್ಶನ್ ಅಕೌಂಟು, ಯುಪಿಐ ಎಲ್ಲಾ ಇಟ್ಕೊಂಡು ಪ್ಯಾಚ್ ಬೇಡ ಅನ್ನೋದು ತಿಜೋರಿ ಬಾಗಿಲು ತೆಗೆದಿಟ್ಟು ಹಿತ್ತಲಿಗೆ ಹೋದ ಹಾಗೆ.

ಹಾಗಂತ ಕಂಪನಿಗಳ ಪರ ವಕಾಲತ್ತು ಮಾಡ್ತಿದೀನಿ ಅಂದ್ಕೋಬೇಡಿ. ಜನಕ್ಕೆ ಅಪ್‌ಡೇಟ್ ಅಂದ್ರೆ ನಂಬಿಕೆ ಹೋಗಿದ್ರೆ ಅದಕ್ಕೆ ಕಾರಣ ಅವರೇ. 2017ರ ಜನವರಿಯಲ್ಲಿ ಆಪಲ್ ಐಓಎಸ್ 10.2.1 ಬಿಡ್ತು. ಬ್ಯಾಟರಿ ಹಳೇದಾದ ಐಫೋನ್‌ಗಳು ಇದ್ದಕ್ಕಿದ್ದ ಹಾಗೆ ಆಫ್ ಆಗ್ತಿದ್ವು, ಅದನ್ನ ತಪ್ಪಿಸೋಕೆ ಫೋನಿನ ಸ್ಪೀಡನ್ನೇ ಇಳಿಸೋ ಏರ್ಪಾಡು ಒಳಗೆ ಇಟ್ಟಿದ್ರು. ಕಾರಣ ಸರಿಯಾದದ್ದೇ ಇರಬಹುದು, ಆದ್ರೆ ಸ್ಪೀಡ್ ಇಳಿಸ್ತೀವಿ ಅಂತ ಗ್ರಾಹಕನಿಗೆ ಹೇಳಲಿಲ್ಲ. ಜನ ಫೋನ್ ಸ್ಲೋ ಆಯ್ತು, ಹಳೇದಾಯ್ತು ಅಂದ್ಕೊಂಡು ಹೊಸದು ತಗೊಂಡ್ರು, ಬ್ಯಾಟರಿ ಬದಲಾಯಿಸಿದ್ರೆ ಸಾಕಿತ್ತು ಅಂತ ಗೊತ್ತಾಗಿದ್ದು ಡಿಸೆಂಬರ್‌ನಲ್ಲಿ, ಅದೂ ಬೇರೆಯವರು ಟೆಸ್ಟ್ ಮಾಡಿ ಬಯಲು ಮಾಡಿದ ಮೇಲೆ. ಆಪಲ್ ಕ್ಷಮೆ ಕೇಳಿ, ಅಮೆರಿಕದಲ್ಲಿ 79 ಡಾಲರ್ ಇದ್ದ ಬ್ಯಾಟರಿ ರೇಟನ್ನ 29ಕ್ಕೆ ಇಳಿಸ್ತು. ಇಟಲಿಯವರು 2018ರ ಅಕ್ಟೋಬರ್‌ನಲ್ಲಿ ಆಪಲ್‌ಗೆ ಒಂದು ಕೋಟಿ ಯೂರೋ ದಂಡ ಹಾಕಿದ್ರು. ಅದೇ ಉಸಿರಿಗೆ ಸ್ಯಾಮ್‌ಸಂಗ್‌ಗೂ 50 ಲಕ್ಷ ಯೂರೋ, ಯಾಕಂದ್ರೆ ನೋಟ್ 7ಗೆ ಅಂತ ತಯಾರಾದ ಆಂಡ್ರಾಯ್ಡ್ ವರ್ಷನ್ನನ್ನ ಹಳೇ ನೋಟ್ 4 ಇದ್ದೋರಿಗೂ ಹಾಕ್ಕೊಳ್ಳಿ ಹಾಕ್ಕೊಳ್ಳಿ ಅಂತ ಬೆನ್ನು ಬಿದ್ದಿದ್ರು. ಹಾಕ್ಕೊಂಡ ಮೇಲೆ ವಾಪಸ್ ಹೋಗೋ ದಾರಿನೂ ಕೊಟ್ಟಿರಲಿಲ್ಲ ಅನ್ನೋದು ಅಲ್ಲಿನವರ ಆಕ್ಷೇಪಗಳಲ್ಲಿ ಒಂದು.

ಈ ವಾಪಸ್ ಹೋಗೋ ದಾರಿ ಇಲ್ಲ ಅನ್ನೋದೇ ನನಗೂ ಹೆಚ್ಚು ಚುಚ್ಚೋದು. ಅದಕ್ಕೂ ಅವರ ಹತ್ರ ಉತ್ತರ ಇದೆ, ಹಳೇ ವರ್ಷನ್ ಹಾಕೋಕೆ ಬಿಟ್ರೆ ಕಳ್ಳನೂ ಹಳೇ ಬೀಗ ತಂದು ಹಾಕ್ತಾನೆ ಅಂತ, ಅದಕ್ಕೇ ಆಪಲ್ ಹೊಸದು ಬಂದು ಸ್ವಲ್ಪ ದಿನ ಆದ ಮೇಲೆ ಹಳೇ ಐಓಎಸ್‌ಗೆ ಸಹಿ ಹಾಕೋದನ್ನ ನಿಲ್ಲಿಸಿಬಿಡುತ್ತೆ, ಸಹಿ ಇಲ್ಲದ್ದು ಫೋನಿಗೆ ಹತ್ತಲ್ಲ. ಸರಿ. ಆದ್ರೆ 2025ರ ಜನವರಿಯಲ್ಲಿ ಗೂಗಲ್ ಪಿಕ್ಸೆಲ್ 4ಎ ಫೋನಿಗೆ ಮಾಡಿದ್ದು ನೋಡಿ. 2020ರಲ್ಲಿ ಬಂದ ಫೋನ್ ಅದು, ನಮ್ಮಲ್ಲೂ ಮಾರಾಟ ಆಗಿತ್ತು, ಅಪ್‌ಡೇಟ್ ಕೊಡೋದನ್ನ 2023ರಲ್ಲೇ ನಿಲ್ಲಿಸಿದ್ರು. ಸತ್ತ ಮನೆಗೆ ಕಾಗದ ಬಂದ ಹಾಗೆ ಒಂದಿನ ತಾನಾಗೇ ಒಂದು ಅಪ್‌ಡೇಟ್ ಬಂತು, ಬಂದ ಮೇಲೆ ಕೆಲವರ ಫೋನಿನ ಬ್ಯಾಟರಿ ಅರ್ಧ ದಿನಕ್ಕೂ ಬರ್ತಿರಲಿಲ್ಲ. ಹಳೇ ಸಾಫ್ಟ್‌ವೇರ್ ಹಾಕ್ಕೊಳ್ಳೋಣ ಅಂತ ಹುಡುಕಿದ್ರೆ ಗೂಗಲ್ ತನ್ನ ಸೈಟಿಂದ ಆ ಫೈಲ್‌ಗಳನ್ನೇ ತೆಗೆದಿತ್ತು. ಬಿಟ್ಟಿ ಬ್ಯಾಟರಿ ಇಲ್ಲಾ ಸ್ವಲ್ಪ ದುಡ್ಡು ಅಂತ ಪರಿಹಾರ ಕೊಟ್ರು, ಅದು ಕೊಟ್ರು ಅಂತಾನೂ ಹೇಳ್ಬೇಕು. ಆದ್ರೆ ಬ್ಯಾಟರಿ ಬಿಸಿಯಾಗಿ ಬೆಂಕಿ ಹತ್ಕೊಳ್ಳೋ ಅಪಾಯ ಇತ್ತು ಅನ್ನೋದು ನೆಟ್ಟಗೆ ಕಂಡಿದ್ದು ಆಸ್ಟ್ರೇಲಿಯಾದ ಗ್ರಾಹಕ ಆಯೋಗದ ರಿಕಾಲ್ ನೋಟಿಸಲ್ಲಿ. ಬೆಂಕಿ ಹತ್ಕೊಳ್ಳುತ್ತೆ ಅಂದಿದ್ರೆ ಯಾವೋನು ಅಪ್‌ಡೇಟ್ ಬೇಡ ಅಂತಿದ್ದ ಹೇಳಿ? 2016ರಲ್ಲಿ ಸ್ಯಾಮ್‌ಸಂಗ್ ನೋಟ್ 7 ಸುಡ್ತಿದ್ದಾಗ ಚಾರ್ಜ್ 60 ಪರ್ಸೆಂಟ್‌ಗೆ ನಿಲ್ಲೋ ಹಾಗೆ ಮಾಡಿದ್ರು, ಆಮೇಲೆ ಅಮೆರಿಕದಲ್ಲಿ ಚಾರ್ಜೇ ಆಗದ ಹಾಗೂ ಮಾಡಿದ್ರು, ಕಾರಣ ಊರಿಗೇ ಗೊತ್ತಿತ್ತು, ಅದನ್ನ ಮೋಸ ಅಂತ ಯಾರೂ ಅನ್ನಲಿಲ್ಲ.

ಸರ್ಕಾರದವರೂ ಸಾಚಾ ಅಲ್ಲ ಬಿಡಿ. 2018ರ ಆಗಸ್ಟ್‌ನಲ್ಲಿ ನಮ್ಮೆಲ್ಲರ ಕಾಂಟ್ಯಾಕ್ಟ್ಸ್‌ನಲ್ಲಿ ಆಧಾರ್ ಹೆಲ್ಪ್‌ಲೈನ್ ನಂಬರ್ ಎಲ್ಲಿಂದಲೋ ಬಂದು ಕೂತಿತ್ತು ನೆನಪಿದೆಯಾ? ಅದು 2014ರಲ್ಲಿ ನಮ್ಮ ಸೆಟಪ್ ಒಳಗೆ ಕೈತಪ್ಪಿ ಸೇರಿದ್ದು ಅಂತ ಗೂಗಲ್ ಒಪ್ಕೊಳ್ತು. ಅದು ಕೈತಪ್ಪು. ಆದ್ರೆ 2025ರ ನವೆಂಬರ್ ಕೊನೆಯಲ್ಲಿ ಟೆಲಿಕಾಂ ಇಲಾಖೆ ಸಂಚಾರ್ ಸಾಥಿ ಆ್ಯಪನ್ನ ಹೊಸ ಫೋನಿಗೆಲ್ಲ ಕಡ್ಡಾಯ ಹಾಕಿ, ಆಗಲೇ ತಯಾರಾಗಿ ಹೊರಬಿದ್ದಿರೋದಕ್ಕೆ ಅಪ್‌ಡೇಟ್ ಮೂಲಕ ತಳ್ಳಿ ಅಂತ ಆರ್ಡರ್ ಮಾಡಿದ್ದು ಕೈತಪ್ಪಲ್ಲ. ಗಲಾಟೆ ಆಗಿ ಡಿಸೆಂಬರ್ 3ಕ್ಕೆ ವಾಪಸ್ ತಗೊಂಡ್ರು. ಆ್ಯಪ್ ಒಳ್ಳೇದೇ, ಕಳೆದ ಫೋನ್ ಬ್ಲಾಕ್ ಮಾಡೋಕೆ ನಾನೇ ನಾಲ್ಕು ಜನಕ್ಕೆ ಹೇಳಿದೀನಿ. ಆದ್ರೆ ಅಪ್‌ಡೇಟ್ ಬರೋ ಬಾಗಿಲಲ್ಲಿ ಅಪ್‌ಡೇಟ್ ಮಾತ್ರ ಬರ್ಬೇಕು ಸ್ವಾಮಿ.

ಈಗ ನಿಮ್ಮ ಫೋನಿಗೆ ಬರೋಣ, ಮಾಸ್ತರೇ. ಫೋನ್ ಆ್ಯಪ್ ತೆಗೆದು ಸೆಟ್ಟಿಂಗ್ಸ್‌ಗೆ ಹೋದ್ರೆ "ಇನ್‌ಕಮಿಂಗ್ ಕಾಲ್ ಜೆಸ್ಚರ್" ಅಂತಿರುತ್ತೆ, ಅಲ್ಲಿ ಅಡ್ಡಕ್ಕೆ ಎಳೆಯೋದು ಬೇಡ, ಒಂದೇ ಸಲ ಒತ್ತಿದ್ರೆ ಸಾಕು ಅನ್ನೋ ಸಿಂಗಲ್ ಟ್ಯಾಪ್ ಇಟ್ಕೊಬಹುದು. ಅದೂ ಬೇಡ, ಹಳೇದೇ ಬೇಕು ಅಂದ್ರೆ ಆ್ಯಪ್ ಐಕಾನನ್ನ ಒತ್ತಿ ಹಿಡಿದು ಆ್ಯಪ್ ಇನ್ಫೋಗೆ ಹೋಗಿ, ಮೇಲಿನ ಮೂರು ಚುಕ್ಕೆ ಒತ್ತಿ "ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್" ಮಾಡಿ, ಫೋನ್ ಜೊತೆ ಬಂದ ವರ್ಷನ್ ವಾಪಸ್ ಬರುತ್ತೆ. ಮತ್ತೆ ತಾನಾಗೇ ಹೊಸದಾಗಬಾರದು ಅಂದ್ರೆ ಪ್ಲೇ ಸ್ಟೋರಲ್ಲಿ ಅದೇ ಆ್ಯಪಿನ ಪೇಜಿಗೆ ಹೋಗಿ ಅಲ್ಲೂ ಮೂರು ಚುಕ್ಕೆ, "ಎನೇಬಲ್ ಆಟೋ ಅಪ್‌ಡೇಟ್" ಟಿಕ್ ತೆಗೀರಿ. ಇದು ಆ ಒಂದು ಆ್ಯಪಿಗೆ ಮಾತ್ರ, ಮಿಕ್ಕಿದ್ದು ಅದರ ಪಾಡಿಗೆ ಆಗ್ತಿರ್ಲಿ. ಡೇಟಾ ಖರ್ಚಿನ ಚಿಂತೆ ಇದ್ರೆ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪ್ರಿಫರೆನ್ಸ್‌ನಲ್ಲಿ ವೈಫೈ ಇದ್ದಾಗ ಮಾತ್ರ ಅಂತ ಹಾಕಿ. ಇಡೀ ಫೋನಿನ ಸಾಫ್ಟ್‌ವೇರ್ ರೀಸ್ಟಾರ್ಟ್ ಆದಾಗ ತಾನಾಗೇ ಬದಲಾಗೋದನ್ನ ತಡೆಯೋ ಬಟನ್ನೂ ಸುಮಾರು ಫೋನ್‌ಗಳಲ್ಲಿ ಇದೆ, ಆದ್ರೆ ಅದನ್ನ ಡೆವಲಪರ್ ಆಪ್ಷನ್ಸ್ ಅನ್ನೋ ಗುಪ್ತ ಕೋಣೇಲಿ ಇಟ್ಟಿದಾರೆ, ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದ್ರೆ ಬಾಗಿಲು ತೆಗೆಯುತ್ತೆ, ಹರಕೆ ಹೊತ್ತು ಸುತ್ತು ಹಾಕಿದ ಹಾಗೆ. ನಮ್ಮ ಹಕ್ಕಿನ ಬಟನ್ ಇಡೋ ಜಾಗ ಅದಾ?

ತಿಂಗಳ ಸೆಕ್ಯೂರಿಟಿ ಪ್ಯಾಚ್ ಬಂದ್ರೆ ಒಂದೆರಡು ದಿನದಲ್ಲಿ ಹಾಕ್ಕೊಂಡುಬಿಡಿ. ವರ್ಷನ್ನಿನ ಹೆಸರು ನಂಬರ್ ಎಲ್ಲಾ ಬದಲಾಗೋ ದೊಡ್ಡ ಅಪ್‌ಡೇಟ್ ಬಂದ್ರೆ ಅರ್ಜೆಂಟ್ ಬೇಡ, ಫೋಟೋ ಬ್ಯಾಕಪ್ ಮಾಡಿಟ್ಟು ಎರಡು ಮೂರು ವಾರ ಕಾಯಿರಿ, ಬೇರೆಯವರು ಬೈದು ಕಂಪನಿಯೋರು ಸರಿಮಾಡ್ಲಿ, ಆಮೇಲೆ ನಾವು.

ಆದ್ರೆ ಪೂರ್ತಿ ಬಂದ್ ಮಾಡಿದೋರ ಗತಿ ಏನು ಅಂತ ಸ್ವಂತ ಅನುಭವ ಹೇಳ್ತೀನಿ. ನಾನೂ ಒಂದು ವರ್ಷ ಎಲ್ಲಾ ಆಫ್ ಮಾಡಿ ಜಂಬದಲ್ಲಿ ಇದ್ದೆ. ಒಂದಿನ ಪೆಟ್ರೋಲ್ ಬಂಕಲ್ಲಿ 500 ರೂಪಾಯಿದು ಹಾಕಿಸಿ ಪೇ ಮಾಡೋಣ ಅಂತ ಬ್ಯಾಂಕಿನ ಆ್ಯಪ್ ತೆಗೆದ್ರೆ, ಯಾವ ಬ್ಯಾಂಕು ಅಂತ ಬೇಡ, "ಅಪ್‌ಡೇಟ್ ಮಾಡಿ" ಅಂತ ಒಂದೇ ಬಟನ್, ಆಮೇಲೆ ಮಾಡ್ತೀನಿ ಅನ್ನೋಕೆ ಜಾಗನೇ ಇಲ್ಲ. ಒತ್ತಿದ್ರೆ ಸ್ಟೋರೇಜ್ ಫುಲ್. ಹಿಂದೆ ಹಾರ್ನ್ ಮೇಲೆ ಹಾರ್ನ್, ನಾನು ಬಿಸಿಲಲ್ಲಿ ನಿಂತು ಗುಡ್ ಮಾರ್ನಿಂಗ್ ವಿಡಿಯೋ ಡಿಲೀಟ್ ಮಾಡ್ತಾ ಇದೀನಿ. ಕೊನೆಗೆ ಹಿಂದಿನ ಬೈಕಿನ ಹುಡುಗ ಕೊಟ್ಟ, ಸಂಜೆ ಅವನಿಗೆ ಕಳಿಸ್ದೆ. ಆ ಬ್ಯಾಂಕಿನೋರು ವಾರ ಮುಂಚೆ ಒಂದು ಎಸ್ಸೆಮ್ಮೆಸ್ ಹಾಕಿದ್ರೆ ಗಂಟೇನು ಹೋಗ್ತಿತ್ತೋ ಗೊತ್ತಿಲ್ಲ, ದಿನಕ್ಕೆ ಮೂರು ಸಲ ಲೋನ್ ಬೇಕಾ ಅಂತ ಕಳಿಸ್ತಾರೆ.

ಎರಡೂ ಕೆಲಸನ ಬೇರೆ ಮಾಡೋಕೆ ಆಗಲ್ವಾ ಅಂದ್ರೆ, ಆಗುತ್ತೆ. 2021ರಲ್ಲಿ ಐಓಎಸ್ 15 ಬಂದಾಗ ಆಪಲ್‌ನೋರೇ, ಬೇಕಾದ್ರೆ ಐಓಎಸ್ 14ರಲ್ಲೇ ಇರಿ, ಸೆಕ್ಯೂರಿಟಿ ಪ್ಯಾಚ್ ಮಾತ್ರ ಕೊಡ್ತೀವಿ ಅಂದಿದ್ರು, ಮುಂದಿನ ಜನವರಿಗೆ ಅದು ತಾತ್ಕಾಲಿಕ ಅಂತ ಕೈ ಎತ್ತಿದ್ರು. ಯುರೋಪಿನೋರು ಈಗ ಕಾನೂನನ್ನೇ ಮಾಡಿದಾರೆ, ಸೈಬರ್ ರೆಸಿಲಿಯೆನ್ಸ್ ಆ್ಯಕ್ಟ್ ಅಂತ, 2027ರ ಡಿಸೆಂಬರ್ 11ರಿಂದ ಪೂರ್ತಿ ಜಾರಿ. ತಾಂತ್ರಿಕವಾಗಿ ಸಾಧ್ಯ ಇರೋ ಕಡೆ ಸೆಕ್ಯೂರಿಟಿ ಅಪ್‌ಡೇಟನ್ನ ಹೊಸ ಫೀಚರ್ ಅಪ್‌ಡೇಟಿನಿಂದ ಬೇರೆಯಾಗೇ ಕೊಡ್ಬೇಕು, ಸೆಕ್ಯೂರಿಟಿದು ತಾನಾಗೇ ಆಗೋ ಹಾಗಿದ್ರೆ ಅದನ್ನ ಸುಲಭವಾಗಿ ಆಫ್ ಮಾಡೋ, ಸ್ವಲ್ಪ ದಿನ ಮುಂದೆ ಹಾಕೋ ಅವಕಾಶನೂ ಇರ್ಬೇಕು ಅಂತ ಅದರಲ್ಲಿದೆ. ಅಮ್ಮನ ಸಾಸಿವೆ ಡಬ್ಬಿ ಮಾತನ್ನೇ ಕಾನೂನಿನ ಭಾಷೇಲಿ ಬರೆದಿದಾರೆ ಅನ್ನಿಸ್ತು ಓದಿದಾಗ. ನಮ್ಮಲ್ಲಿ 2025ರ ಜನವರಿಯಲ್ಲಿ, ಐಓಎಸ್ 18 ಹಾಕ್ಕೊಂಡ ಮೇಲೆ ಫೋನ್ ಸರಿಯಿಲ್ಲ ಅಂತ ರಾಷ್ಟ್ರೀಯ ಗ್ರಾಹಕ ಹೆಲ್ಪ್‌ಲೈನಿಗೆ ಬಂದ ದೂರಿನ ಮೇಲೆ ಆಪಲ್‌ಗೆ ನೋಟಿಸ್ ಕೊಟ್ಟಿದೀವಿ ಅಂತ ನಮ್ಮ ಧಾರವಾಡದ ಸಂಸದರೇ ಆದ ಗ್ರಾಹಕ ವ್ಯವಹಾರ ಸಚಿವ ಪ್ರಲ್ಹಾದ ಜೋಶಿ ತಿಳಿಸಿದ್ರು. ಅಂದ್ರೆ ಅಪ್‌ಡೇಟ್ ವಿಷಯಕ್ಕೂ ದೂರು ಕೊಡಬಹುದು ಅಂತಾಯ್ತು. ಹೆಲ್ಪ್‌ಲೈನ್ ನಂಬರ್ 1915. ನಿಮ್ಮ ಅಕ್ಷರದಲ್ಲಿ ನಿಮ್ಮ ಕಾಗದನೇ ಅವರಿಗೂ ಒಂದು ಕಳಿಸಿ, ನನಗೆ ಬರೆದಿದ್ದಕ್ಕಿಂತ ಹೆಚ್ಚು ಉಪಯೋಗ ಆಗುತ್ತೆ.

ಹಾಂ, ಆ 200 ರೂಪಾಯಿ ಜಾಸ್ತಿ ಆಯ್ತು, ಅದು ಎರಡು ನಿಮಿಷದ ಕೆಲಸ. ಅಮ್ಮನ ಫೋನಲ್ಲಿ ನಾನು ಸಿಂಗಲ್ ಟ್ಯಾಪ್ ಹಾಕಿಕೊಟ್ಟಿದ್ದೆ, ಈ ಉತ್ತರ ಬರೆಯೋಕೆ ಕೂತಾಗ ನೆನಪಾಗಿ "ಹಳೇದೇ ವಾಪಸ್ ತಂದುಕೊಡ್ಲಾ ಅಮ್ಮ?" ಅಂತ ಕೇಳ್ದೆ. "ಈಗ ತಾನೇ ಕೈ ಕೂತಿದೆ, ನೀನೊಬ್ಬ ಬೇರೆ ಶುರು ಮಾಡ್ಬೇಡ" ಅಂದ್ರು.