ಒಂದು ಕಾದಂಬರಿಯ ಹೆಸರಿನಿಂದ ಇಡೀ ಕೌಂಟಿ ಬದುಕಬಲ್ಲದೇ?

ಅಮೆರಿಕದ ಅಲಬಾಮಾ ರಾಜ್ಯದ ಮನ್ರೋ ಕೌಂಟಿಗೆ (ನಮ್ಮ ಜಿಲ್ಲೆಯಂಥ ಆಡಳಿತ ಪ್ರದೇಶ) ಹೊರಟಿರುವ ನೀವು, ‘ಅಲ್ಲಿನ ಕಾದಂಬರಿಕಾರ್ತಿ ಹಾರ್ಪರ್ ಲೀ ಹೆಸರೇ ಆ ಸೀಮೆಗೆ ಅನ್ನ ಹಾಕುತ್ತಿದೆಯೇ?’ ಎಂದು ಕೇಳಿದ್ದೀರಿ. ಇಲ್ಲ. ಅಲ್ಲಿ ಅನ್ನ ಹಾಕುವುದು ಪೈನ್ ಮರ. ದಾರಿಯುದ್ದಕ್ಕೂ ದಿಮ್ಮಿ ಹೇರಿದ ಲಾರಿಗಳು ಎದುರಾಗುತ್ತವೆ. ಅಲಬಾಮಾ ನದಿಯ ದಂಡೆಯಲ್ಲಿ ಮರದ ತಿರುಳು ತೆಗೆಯುವ ದೊಡ್ಡ ಕಾರ್ಖಾನೆಯಿದೆ. 1937ರಲ್ಲಿ ಬಂದ ವ್ಯಾನಿಟಿ ಫೇರ್ ಕಂಪನಿಯ ಒಳಉಡುಪು ಕಾರ್ಖಾನೆ ಎಷ್ಟೋ ಮನೆಗಳ ಒಲೆ ಉರಿಸಿತ್ತು. 1990ರ ದಶಕದಲ್ಲಿ ಆ ಹೊಲಿಗೆ ಕೆಲಸ ಕೂಲಿ ಅಗ್ಗವಿರುವ ದೇಶಗಳ ಪಾಲಾಯಿತು. ಸುಮಾರು 20 ಸಾವಿರ ಜನರ ಕೌಂಟಿಗೆ ಅದು ಸಣ್ಣ ಪೆಟ್ಟಲ್ಲ, ಪುಸ್ತಕ ಅದನ್ನು ತುಂಬಿಕೊಟ್ಟಿಲ್ಲ.

ಹಾಗೆಂದು ಪುಸ್ತಕವನ್ನು ಕಡೆಗಣಿಸಬೇಡಿ. ಲೀ ಅವರ 1960ರ ಕಾದಂಬರಿ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಹುಟ್ಟಿದ್ದೇ ಈ ಕೌಂಟಿಯ ಮನ್ರೋವಿಲ್ ಪಟ್ಟಣದ ನೆನಪುಗಳಿಂದ. ಬಾಲ್ಯದಲ್ಲಿ ಲೀ ಅವರ ಪಕ್ಕದ ಮನೆಯಲ್ಲಿದ್ದವರು ಮುಂದೆ ಹೆಸರಾಂತ ಲೇಖಕರಾದ ಟ್ರೂಮನ್ ಕಪೋಟಿ! ಈಗ ಆ ಎರಡು ಮನೆಗಳೂ ಇಲ್ಲ. ಲೀ ಮನೆಯಿದ್ದಲ್ಲಿ ಐಸ್‌ಕ್ರೀಮ್, ಬರ್ಗರ್ ಮಾರುವ ಅಂಗಡಿಯಿದೆ. ಉಳಿದಿರುವುದು 1903ರ ಹಳೆಯ ನ್ಯಾಯಾಲಯ, ಅದೇ ಈಗಿನ ವಸ್ತುಸಂಗ್ರಹಾಲಯ. ಹಾಲಿವುಡ್‌ನವರು ಇದರ ವಿಚಾರಣಾ ಕೋಣೆಯನ್ನು ನೋಡಿಕೊಂಡು ಆ ಕಾದಂಬರಿಯ ಸಿನಿಮಾಕ್ಕೆ ಸೆಟ್ ಕಟ್ಟಿದರು. ವಸಂತದಲ್ಲಿ ಊರಿನವರೇ ಬಣ್ಣ ಹಚ್ಚಿಕೊಂಡು ಆ ಕಥೆಯನ್ನು ಆಡುತ್ತಾರೆ. ಮೊದಲ ಅಂಕ ಹೊರಗೆ ಹುಲ್ಲುಹಾಸಿನ ಮೇಲೆ. ಎರಡನೆಯದಕ್ಕೆ ಎಲ್ಲರೂ ಎದ್ದು ಒಳಗೆ ಹೋಗಬೇಕು, ಪ್ರೇಕ್ಷಕರಲ್ಲೇ 12 ಮಂದಿಯನ್ನು ಕರೆದು ಜ್ಯೂರಿಯ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಮಂಡಳಿಯ) ಆಸನಗಳಲ್ಲಿ ಕೂರಿಸುತ್ತಾರೆ. ನಿರಪರಾಧಿ ಕಪ್ಪುವರ್ಣೀಯನೊಬ್ಬನಿಗೆ ‘ಅಪರಾಧಿ’ ಎಂಬ ತೀರ್ಪು ಬೀಳುವುದನ್ನು ಆ ಗೋಡೆಗಳ ನಡುವೆ ಕೇಳಿದಾಗ ನನ್ನ ಗಂಟಲು ಕಟ್ಟಿತ್ತು.

ಇನ್ನೊಂದು ವಿಷಯ ತಿಳಿದುಕೊಂಡೇ ಹೋಗಿ. ಇದೇ ಊರಿನ ಸುತ್ತ ಮರ ಕಡಿದು ಬದುಕುತ್ತಿದ್ದ ವಾಲ್ಟರ್ ಮ್ಯಾಕ್‌ಮಿಲಿಯನ್ ಎಂಬ ಕಪ್ಪುವರ್ಣೀಯರನ್ನು ಮಾಡದ ಕೊಲೆಗಾಗಿ 1987ರಲ್ಲಿ ಬಂಧಿಸಿ, ಮರಣದಂಡನೆ ವಿಧಿಸಲಾಯಿತು. ವಕೀಲ ಬ್ರಯಾನ್ ಸ್ಟೀವನ್ಸನ್ ಹೋರಾಡಿ 1993ರಲ್ಲಿ ಅವರನ್ನು ಬಿಡಿಸಿದರು. ಕಾದಂಬರಿಯ ಹೆಸರಿನಲ್ಲಿ ಬರುವ ಪ್ರವಾಸಿಗರಿಗೆ ಈ ಹೆಸರೂ ಗೊತ್ತಿರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಂತರರಾಜ್ಯ ಹೆದ್ದಾರಿ ದೂರವಿರುವುದರಿಂದ ಅಲ್ಲಿಗೆ ಬೇಕೆಂದೇ ಹೋಗಬೇಕು. ನಾಟಕದ ಟಿಕೆಟ್ ಮುಂಚೆಯೇ ಕಾಯ್ದಿರಿಸಿ. ಒಂದು ರಾತ್ರಿಯಾದರೂ ತಂಗಿ, ಊಟ ಅಲ್ಲೇ ಮಾಡಿ, ಪುಸ್ತಕವನ್ನೂ ಅಲ್ಲೇ ಕೊಳ್ಳಿ; ಫೋಟೊ ತೆಗೆದುಕೊಂಡು ಸಂಜೆಯೇ ಹೊರಟುಹೋಗುವವರಿಂದ ಊರಿನ ವ್ಯಾಪಾರಕ್ಕೆ ದಕ್ಕುವುದು ಬಹಳ ಕಡಿಮೆ.